ಸಾಹುಕಾರನ ಕೊಲೆಯ ಲಾವಣಿ ಇದೆ, ಕೇಸಿನ ದಾಖಲೆ ಎಲ್ಲಿ ಹುಡುಕಲಿ?

ಡೇರಿ ಸೆಕ್ರೆಟರಿ, ಮಧುಗಿರಿ ತಾಲ್ಲೂಕು:

ಎಲ್ಲರಿಗೂ ನಮಸ್ಕಾರ. ಹಾಲಿನ ಡೇರಿ ನೋಡಿಕೊಳ್ಳೋನು ನಾನು, ಇತಿಹಾಸ ಓದಿದವನಲ್ಲ. ನಮ್ಮೂರ ಕಡೆ ಕಳೆ ಕೀಳುವಾಗ ಹೆಂಗಸರು ಹೇಳ್ತಿದ್ದ ಒಂದು ಕೊಲೆಯ ಪದ ಇದೆ. ಈಗ ಅದು ಪೂರ್ತಿ ಬರೋದು ನಮ್ಮ ಚಿಕ್ಕಜ್ಜಿ ಒಬ್ಬರಿಗೇ. ಹಲ್ಲಿಲ್ಲ, ದಮ್ಮು ಬೇರೆ, ಆದರೂ ಒಂದು ಸೊಲ್ಲೂ ತಪ್ಪಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೀನಿ. ಶುರುವಾಗೋದು ಹೀಗೆ:

ಆಂಗೀರಸದ ಕಾರ್ತೀಕದಲ್ಲಿ ಕತ್ತಲೆ ಕವಿದಿತ್ತು
ಏರಿಯ ಮ್ಯಾಲೆ ಸಾವ್ಕಾರಣ್ಣನ ಲಾಟೀನು ಆರಿತ್ತು

ಕಥೆ ಇಷ್ಟೇ. ಬಡ್ಡಿ ವಸೂಲಿ ಮುಗಿಸಿಕೊಂಡು ಕೆರೆ ಏರಿ ಮೇಲೆ ಬರ್ತಿದ್ದ ಸಾಹುಕಾರನನ್ನ ಕೋಡಿ ಹತ್ತಿರ ಮಚ್ಚಿನಲ್ಲಿ ಕಡಿದರು. ಬೆಳಗ್ಗೆ ಹೆಣ ನೋಡಿದ್ದು ನೀರುಗಂಟಿ, ಕೆರೆ ನೀರು ಬಿಡೋನು. ಪಟೇಲರು ಬಂದರು, ಆಮೇಲೆ ತಾಲ್ಲೂಕಿನ ಅಧಿಕಾರಿ ಅಮಲ್ದಾರರು ‘ಮೋಟಾರು ಹತ್ತಿ’ ಬಂದು ಮಹಜರು ಬರೆಸಿದರು. ಊರಿನ ಒಬ್ಬ ರೈತನಿಗೆ ಬೆಂಗಳೂರು ಜೈಲಿನಲ್ಲಿ ನೇಣಾಯಿತು. ಕಾರಣ ಕೇಳಿದರೆ ಪದದಲ್ಲಿ ಬರೋದು ಒಂದು ಹೆಣ್ಣಿನ ವಿಚಾರ.

ತೂಬಿನ ಪಕ್ಕ ಕತ್ತಿ ಹಿಡಿದ ಗಂಡಸಿನ ಕಲ್ಲೊಂದಿದೆ. ಅದು ಸಾಹುಕಾರಂದೇ ಅಂತ ಊರವರು ಕುಂಕುಮ ಇಡ್ತಾರೆ. ಪದ ಮತ್ತು ಕಲ್ಲು ಬಿಟ್ಟರೆ ನನ್ನ ಹತ್ತಿರ ಏನೂ ಇಲ್ಲ. ಸ್ಟೇಷನ್ನಿನಲ್ಲಿ ವಿಚಾರಿಸಿದರೆ ನಕ್ಕರು. ಎಲ್ಲಿಂದ ಶುರು ಮಾಡಲಿ?

ಶಾಸನದ ಹುಚ್ಚಿ, ಕೋಲಾರ:

ಅಣ್ಣ, ಮೊದಲು ಕಲ್ಲನ್ನ ಈ ಕೇಸಿನಿಂದ ಬಿಡಿಸಿ. ಕತ್ತಿ ಹಿಡಿದವನ ಮೇಲಿನ ಪಟ್ಟಿಯಲ್ಲಿ ಅವನನ್ನ ಇಬ್ಬರು ಹೆಂಗಸರು ತೋಳು ಹಿಡಿದು ಎತ್ತಿಕೊಂಡು ಹೋಗ್ತಿದ್ದಾರಾ? ತುದಿಯಲ್ಲಿ ಲಿಂಗ, ಅಕ್ಕಪಕ್ಕ ಸೂರ್ಯ ಚಂದ್ರ ಇದ್ದಾರಾ? ಇದ್ದರೆ ಅದು ವೀರಗಲ್ಲು. ತುರು ಅಂದರೆ ದನ ಹಿಡಿದುಕೊಂಡು ಹೋಗೋರ ಜೊತೆ ಹೋರಾಡಿ ಸತ್ತವನದೋ, ಊರಳಿವಿನಲ್ಲಿ ಅಂದರೆ ಊರಿನ ಮೇಲೆ ದಾಳಿ ಆದಾಗ ಸತ್ತವನದೋ ಇರುತ್ತೆ. ನಿಮ್ಮ ಸಾಹುಕಾರನಿಗಿಂತ ಎಷ್ಟೋ ನೂರು ವರ್ಷ ಹಿಂದಿನದು. ಕೋಲಾರ, ತುಮಕೂರು ಸೀಮೆಯಲ್ಲಿ ಗಂಗರ ಕಾಲದ್ದು, ನೊಳಂಬರ ಕಾಲದ್ದು ಕೆರೆ ಏರಿ ಮೇಲೆ, ಹೊಲದ ಬದುವಿನಲ್ಲಿ ಬೇಕಾದಷ್ಟಿವೆ.

ಅಕ್ಷರ ಏನಾದರೂ ಇದ್ದರೆ ಬಿ. ಎಲ್. ರೈಸ್ ಅವರ ಶಾಸನಗಳ ಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದ 12ನೇ ಸಂಪುಟ ನೋಡಿ, ತುಮಕೂರು ಜಿಲ್ಲೆಯದು, 1904ರಲ್ಲಿ ಅಚ್ಚಾಗಿದ್ದು. ನಿಮ್ಮ ತಾಲ್ಲೂಕು ಅದರಲ್ಲಿ ಮದ್ದಗಿರಿ ಅಂತ ಇರುತ್ತೆ. ಕಲ್ಲಿನ ಮೇಲೆ ಸುಣ್ಣ ಗಿಣ್ಣ ಬಳಿದು ಓದಬೇಡಿ ದಯವಿಟ್ಟು. ಸಂಜೆ ಇಳಿಬಿಸಿಲಿನಲ್ಲಿ ಅಡ್ಡಬೆಳಕು ಬೀಳುವಾಗ ಫೋಟೋ ತೆಗೀರಿ, ಅಕ್ಷರ ತಾವಾಗಿ ಎದ್ದು ಕಾಣುತ್ತೆ.

ನಿವೃತ್ತ ಶಿರಸ್ತೇದಾರ್, ತುಮಕೂರು:

ಮೇಡಂ ಹೇಳಿದ್ದು ಸರಿ. ಕಲ್ಲು ಪಕ್ಕಕ್ಕಿರಲಿ, ಪದದಲ್ಲೇ ನಿಮಗೆ ಬೇಕಾದದ್ದು ಇದೆ.

ಆಂಗೀರಸ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಬರುತ್ತೆ. 1872–73ರಲ್ಲಿ ಒಂದು, 1932–33ರಲ್ಲಿ ಇನ್ನೊಂದು. 1872ರಲ್ಲಿ ಅಮಲ್ದಾರರಿಗೆ ಮೋಟಾರು ಎಲ್ಲಿಂದ ಬರಬೇಕು? ಹಾಗಾಗಿ 1932ರ ಕಾರ್ತಿಕ, ಅಂದರೆ ದೀಪಾವಳಿ ಕಳೆದ ನವೆಂಬರ್. ಅಜ್ಜಿಯ ಪದದಲ್ಲಿ ವಾರ, ತಿಥಿ ಬರುತ್ತಾ ಕೇಳಿ. ಬಂದರೆ ಹಳೇ ಪಂಚಾಂಗದ ಜೊತೆ ತಾಳೆ ನೋಡಬಹುದು. ಮೋಟಾರು ಅನ್ನೋದು ಆಮೇಲೆ ಯಾರೋ ಸೇರಿಸಿದ ಸೊಲ್ಲಾಗಿದ್ದರೆ ಆಗಲೇ ಗೊತ್ತಾಗುತ್ತೆ.

ಎರಡನೇದು ನೇಣು. ಸೆಷನ್ಸ್ ಜಡ್ಜ್ ಮರಣದಂಡನೆ ಕೊಟ್ಟರೆ ಅಲ್ಲಿಗೇ ಮುಗಿಯೋದಿಲ್ಲ. ಹೈಕೋರ್ಟು ಅದನ್ನ ಖಾಯಂ ಮಾಡಲೇಬೇಕು, ಆಗಲೂ ಅಷ್ಟೇ ಈಗಲೂ ಅಷ್ಟೇ. ಮೈಸೂರು ಸಂಸ್ಥಾನದ ಚೀಫ್ ಕೋರ್ಟು 1930ರಲ್ಲಿ ಹೈಕೋರ್ಟ್ ಆಯಿತು, ಕೂರ್ತಿದ್ದದ್ದು ಬೆಂಗಳೂರಿನ ಅಠಾರಾ ಕಚೇರಿಯಲ್ಲಿ. ಹಾಗಾಗಿ ನಿಮ್ಮ ರೈತನಿಗೆ ನಿಜವಾಗಲೂ ನೇಣಾಗಿದ್ದರೆ ಆ ಕಾಗದ ಒಮ್ಮೆ ಬೆಂಗಳೂರಿಗೆ ಹೋಗಿದೆ. ಕಾನೂನಿನ ತಕರಾರು ಏನಾದರೂ ಇದ್ದರೆ ತೀರ್ಪು ಮೈಸೂರು ಲಾ ಜರ್ನಲ್‌ನಲ್ಲಿ ಅಚ್ಚಾಗಿರುತ್ತೆ. ಹಳೇ ವಕೀಲರ ಮನೆ ಬೀರುಗಳಲ್ಲಿ ಆ ಸಂಪುಟಗಳು ಇನ್ನೂ ಇವೆ, ಮಕ್ಕಳು ತೂಕಕ್ಕೆ ಹಾಕಿರದಿದ್ದರೆ. 1932ರಿಂದ 34ರವರೆಗೆ ತಿರುವಿ. ರಕ್ತದ ಕಲೆಯ ಪಂಚೆಯನ್ನ ಕಲ್ಕತ್ತೆಯ ಇಂಪೀರಿಯಲ್ ಸೀರಾಲಜಿಸ್ಟ್‌ಗೆ ಕಳಿಸಿ, ಮನುಷ್ಯರದೋ ಪ್ರಾಣಿಯದೋ ಅಂತ ವರದಿ ತರಿಸ್ತಿದ್ದ ಕಾಲ ಅದು. ಅಂಥ ವರದಿ ಮೇಲೆ ವಾದ ನಡೆದಿದ್ದರೆ ತೀರ್ಪಿನಲ್ಲಿ ಬಂದೇ ಬರುತ್ತೆ.

ಸೆಷನ್ಸ್ ಕಡತ ಪೂರ್ತಿ ಸಿಗುತ್ತೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಅವಧಿ ಮುಗಿದ ಕಡತ ನಾಶ ಮಾಡೋದು ನಮ್ಮ ಕೆಲಸವೇ ಆಗಿತ್ತು. ನಾನೇ ನಿಂತು ಮೂಟೆ ಕಟ್ಟಿಸಿದ್ದೀನಿ. ಇನ್ನೊಂದು ವಿಷಯ, ಸಂಸ್ಥಾನದಲ್ಲಿ ಬಹುಕಾಲ ಸೆಷನ್ಸ್ ಕೋರ್ಟು ಇದ್ದದ್ದೇ ಬೆಂಗಳೂರು, ಮೈಸೂರು, ಶಿವಮೊಗ್ಗ ಮೂರು ಕಡೆ. ತುಮಕೂರು, ಕೋಲಾರ ಎರಡೂ ಬೆಂಗಳೂರಿಗೆ ಸೇರಿದ್ದವು. ಇಲ್ಲಿನ ರೆಕಾರ್ಡ್ ರೂಮಿನಲ್ಲಿ ಇಲ್ಲ ಅಂದಾಕ್ಷಣ ಕೈಚೆಲ್ಲಬೇಡಿ.

ಆದರೆ ನಾನಾಗಿದ್ದರೆ ಕೋರ್ಟಿನಿಂದ ಶುರುವೇ ಮಾಡ್ತಿರಲಿಲ್ಲ. ಸಾಹುಕಾರ ಸತ್ತ ಅಂದರೆ ಅವನ ಜಮೀನು ಯಾರ ಹೆಸರಿಗೋ ಪವತಿ ಖಾತೆ, ಅಂದರೆ ಸತ್ತವನಿಂದ ವಾರಸುದಾರರ ಹೆಸರಿಗೆ ಖಾತೆ, ಆಗಿರಬೇಕಲ್ಲ. ಕೊಲೆ ಕಡತ ಸುಟ್ಟರೂ ಜಮೀನಿನ ಕಡತ ಯಾರೂ ಸುಡಲ್ಲ. ತಾಲ್ಲೂಕು ಕಚೇರಿಯಲ್ಲಿ ಹಳೇ ಖಾತೆ ಬದಲಾವಣೆ ನೋಡಿ. ಆಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ. ಬಡ್ಡಿ ವ್ಯವಹಾರದವನು ಅಂದ ಮೇಲೆ ಆಧಾರ (ಜಮೀನು ಅಡವು), ಭೋಗ್ಯ (ಸಾಲ ತೀರೋವರೆಗೆ ಜಮೀನು ಸಾಲ ಕೊಟ್ಟವನ ಅನುಭವಕ್ಕೆ) ಅಂತ ನೂರೆಂಟು ಪತ್ರ ರಿಜಿಸ್ಟರ್ ಮಾಡಿಸಿರ್ತಾನೆ. ಆಸ್ತಿ ಪತ್ರಗಳನ್ನ ನಕಲು ಮಾಡಿಡೋ ಒಂದನೇ ಪುಸ್ತಕ ಮತ್ತು ಅದರ ಇಂಡೆಕ್ಸನ್ನ ಫೀಸು ಕಟ್ಟಿ ಯಾರು ಬೇಕಾದರೂ ನೋಡಬಹುದು, ನೋಂದಣಿ ಕಾಯ್ದೆ 57ನೇ ಕಲಂ. ಇಲ್ಲ ಅಂದರೆ ಆ ನಂಬರು ಹೇಳಿ. ಇಂಡೆಕ್ಸ್ ಒಂದು ಹೆಸರಿನ ಪ್ರಕಾರ ಇರುತ್ತೆ, ಎರಡು ಆಸ್ತಿ ಪ್ರಕಾರ.

ಗಡಿನಾಡ ಹುಡುಗ, ಪಾವಗಡ:

ಸೆಕ್ರೆಟರಿ ಸಾರ್, ನಮ್ಮ ಕಡೆ ಇದೇ ಪದ ತೆಲುಗಿನಲ್ಲಿದೆ! ಲಾಟೀನು ಆರೋದು, ನೀರುಗಂಟಿ ಹೆಣ ನೋಡೋದು ಎಲ್ಲಾ ಅದೇ. ಆದರೆ ನಮ್ಮದರಲ್ಲಿ ಸತ್ತವನು ಸಾಹುಕಾರ ಅಲ್ಲ, ಶಾನುಭೋಗ. ಕೆರೆ ಬದಲು ಬಾವಿ. ಹೆಣ್ಣಿನ ವಿಚಾರ ಇದರಲ್ಲೂ ಬರುತ್ತೆ.

ನಮ್ಮ ತಾತ ಹೇಳೋರು, ಸಂತೆಯಲ್ಲಿ ಪದ ಹೇಳೋರು ಒಂದು ಊರಿನ ಕೊಲೆಗೆ ಕಟ್ಟಿದ್ದನ್ನೇ ಮುಂದಿನ ಊರಿನಲ್ಲಿ ಹೆಸರು ಬದಲಿಸಿ ಹೇಳ್ತಿದ್ದರಂತೆ. ಜನ ದುಡ್ಡು ಹಾಕೋದು ಹೆಣ್ಣಿನ ಕಥೆ ಬಂದಾಗಲೇ. ಹಾಗಾಗಿ ಆ ಭಾಗ ನಂಬೋ ಮುಂಚೆ ಸ್ವಲ್ಪ ಯೋಚನೆ ಮಾಡಿ ಸಾರ್.

ಗೌರಿಬಿದನೂರಿನವ:

ಶಿರಸ್ತೇದಾರರು ಕಾಗದದ ಮೇಲೆ ಇಟ್ಟಿರೋ ನಂಬಿಕೆ ಬಗ್ಗೆ ಒಂದು ಮಾತು. ನಮ್ಮ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರ ನಿವೃತ್ತ ನ್ಯಾಯಾಧೀಶ ವೇಪ ರಾಮೇಶಂ ಅವರ ಸಮಿತಿ ಮಾಡಿ ವಿಚಾರಣೆ ನಡೆಸಿತು, ವರದಿ ಬಂತು. ಆದರೂ ಸತ್ತವರು ಎಷ್ಟು ಅನ್ನೋದರಲ್ಲಿ ಸರ್ಕಾರದ ಲೆಕ್ಕಕ್ಕೂ ಊರಿನ ಲೆಕ್ಕಕ್ಕೂ ಹೊಂದಲೇ ಇಲ್ಲ. ನಮ್ಮ ಹಿರಿಯರು ಮೂವತ್ತರ ಮೇಲೆ ಅಂತಾರೆ. ಹಾಡುಹಗಲಲ್ಲಿ ಸಾವಿರಾರು ಜನರ ಮುಂದೆ ಆದದ್ದರ ಕಥೆಯೇ ಹೀಗೆ, ಅಮಾವಾಸ್ಯೆ ಕತ್ತಲಲ್ಲಿ ಕೋಡಿ ಹತ್ತಿರ ಆದದ್ದನ್ನ ಕೇಳಬೇಕಾ?

ತೀರ್ಪನ್ನೂ ಅಷ್ಟೇ, ನಡೆದದ್ದೆಲ್ಲ ಅದರಲ್ಲಿದೆ ಅಂತ ಓದಬಾರದು. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನ ಮನೆಗೆ ಬೆಂಕಿ ಇಟ್ಟು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ನಾಳೆ ಯಾರೋ ಬರೀ ತೀರ್ಪು ಓದಿ ಅಲ್ಲಿ ಯಾರೂ ಯಾರನ್ನೂ ಕೊಲ್ಲಲಿಲ್ಲ ಅಂತ ಬರೆದರೆ? ಇದು ಹಳೇ ಕಾಲದ್ದಲ್ಲ, ಆ ಮನೆಯವರು ನಮ್ಮ ನಡುವೆಯೇ ಇದ್ದಾರೆ.

1932ರಲ್ಲಿ ಸಾಹುಕಾರನ ವಿರುದ್ಧ ಸಾಕ್ಷಿ ಹೇಳೋ ಧೈರ್ಯ ಯಾರಿಗಿತ್ತು, ಸಾಹುಕಾರನ ಪರ ಹೇಳೋ ಒತ್ತಡ ಯಾರ ಮೇಲಿತ್ತು, ಇದನ್ನ ಕೇಳಿಕೊಳ್ಳದೆ ಲಾ ಜರ್ನಲ್ ಓದಿ ಪ್ರಯೋಜನ ಇಲ್ಲ.

ನಿವೃತ್ತ ಶಿರಸ್ತೇದಾರ್, ತುಮಕೂರು:

ಒಪ್ಪಿದೆ ಸ್ವಾಮಿ. ಕಾಗದ ನಿಜ ಹೇಳುತ್ತೆ ಅಂತ ನಾನೆಲ್ಲೂ ಹೇಳಲಿಲ್ಲ. ಯಾರು, ಯಾವತ್ತು, ಯಾರ ಮುಂದೆ ಏನು ಹೇಳಿದರು ಅಂತ ಅಷ್ಟೇ ಹೇಳುತ್ತೆ.

ಡೇರಿ ಸೆಕ್ರೆಟರಿ, ಮಧುಗಿರಿ ತಾಲ್ಲೂಕು:

ಸ್ವಲ್ಪ ದಿನ ಈ ಕಡೆ ಬರೋಕೆ ಆಗಲಿಲ್ಲ, ಆಡಿಟ್ ಇತ್ತು. ಈಗ ಸುದ್ದಿ ಇದೆ.

ಮೇಡಂ, ಕಲ್ಲಿನಲ್ಲಿ ಇಬ್ಬರು ಹೆಂಗಸರು ಇದ್ದಾರೆ, ಲಿಂಗಾನೂ ಇದೆ. ಕುಂಕುಮದ ಕೆಳಗೆ ಕಾಣ್ತಿರಲಿಲ್ಲ. ಊರಲ್ಲಿ ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮೊದಲು ಇಸಿ (ಋಣಭಾರ ಪತ್ರ) ಬೇಕಾದರೆ ಆನ್‌ಲೈನ್ ಹಾಕಿ ಅಂತ ಸಾಗಹಾಕಿದರು. 57ನೇ ಕಲಂ ಅಂದೆ. ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು ನನ್ನ ಮುಖ ನೋಡಿ, ಬೀಗದ ಕೈ ತಗೊಂಡರು. ಪುಸ್ತಕಗಳ ಅಂಚು ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತೆ. ಬರವಣಿಗೆ ಮಾತ್ರ ಮುತ್ತು. ಇಂಡೆಕ್ಸಿನಲ್ಲಿ ಸಾಹುಕಾರನ ಹೆಸರು ಸಿಕ್ಕಿತು. ಅವನ ಹೆಸರಿಗೆ ಬಂದ ಭೋಗ್ಯದ ಪತ್ರಗಳು ಒಂದರ ಹಿಂದೆ ಒಂದು ಇವೆ, ಎಲ್ಲಾ ನಮ್ಮ ಕೆರೆ ಕೆಳಗಿನ ಗದ್ದೆಗಳೇ. ಅದರಲ್ಲಿ ಒಂದು ಬರೆದುಕೊಟ್ಟವನ ಹೆಸರು, ಅಜ್ಜಿಯ ಪದದಲ್ಲಿ ನೇಣಾದವನ ಹೆಸರು, ಎರಡೂ ಒಂದೇ. ತಂದೆ ಹೆಸರೂ ಕೂಡ. ಸಾಲ ತೀರಿತು ಅಂತ ಬಿಡಿಸಿಕೊಂಡ ಪತ್ರ ನನಗೆ ಕಾಣಲಿಲ್ಲ.

ಹೆಣ್ಣಿನ ವಿಚಾರ ಅಂತ ಊರೆಲ್ಲ ಹೇಳ್ತಾ ಬಂದದ್ದು ಗದ್ದೆ ವಿಚಾರವೇ ಹಾಗಾದರೆ?

ನಿವೃತ್ತ ಶಿರಸ್ತೇದಾರ್, ತುಮಕೂರು:

ಭೇಷ್! ಆದರೆ ತಡೀರಿ. 1930ರಿಂದ ಮೂರ್ನಾಲ್ಕು ವರ್ಷ ಪ್ರಪಂಚದಲ್ಲೆಲ್ಲ ಧಾರಣೆ ಬಿದ್ದುಹೋಗಿತ್ತು. ರಾಗಿ, ಕಡಲೆಕಾಯಿ ಮಾರಿದರೆ ಬಡ್ಡಿಗೂ ಸಾಲದು. ಆ ಕಾಲದ ಇಂಡೆಕ್ಸ್ ಎಲ್ಲಿ ತೆಗೆದರೂ ಭೋಗ್ಯದ ಪತ್ರದ ಸಾಲೇ ಸಾಲು. ನೀವೇ ಹೇಳಿದ ಹಾಗೆ ಕೆರೆ ಕೆಳಗಿನ ಎಷ್ಟೋ ಗದ್ದೆ ಅವನ ಕೈಲಿತ್ತು. ಹಾಗಾದರೆ ಮಚ್ಚು ಎತ್ತೋ ಕಾರಣ ಅಷ್ಟೂ ಮನೆಗೆ ಇತ್ತು. ನೇಣಾದವನೇ ಕಡಿದ ಅನ್ನೋದಕ್ಕೆ ಈ ಪತ್ರ ಸಾಲದು. ಅವನ ಮೇಲೆ ಅನುಮಾನ ಯಾಕೆ ಬಂತು ಅನ್ನೋದಕ್ಕೆ ಸಾಕು.

ಈಗ ನೋಡಬೇಕಾದ್ದು ಕೊಲೆ ಆದ ಮೇಲೆ ಆ ಗದ್ದೆ ಏನಾಯಿತು ಅಂತ. ಸಾಹುಕಾರನ ಮಕ್ಕಳ ಹೆಸರಿಗೆ ಹೋಯಿತಾ, ಬೇರೆ ಯಾರಾದರೂ ಕ್ರಯಕ್ಕೆ ತಗೊಂಡರಾ? ಸಾಕ್ಷಿ ಹೇಳಿದವರ ಪೈಕಿ ಯಾರಾದರೂ ತಗೊಂಡಿದ್ದರೆ ನನಗೆ ತಕ್ಷಣ ಹೇಳಿ.

ಶಾಸನದ ಹುಚ್ಚಿ, ಕೋಲಾರ:

ಹೆಸರುಗಳನ್ನ ಇಲ್ಲಿ ಹಾಕಬೇಡಿ ಅಣ್ಣ. ಮೊಮ್ಮಕ್ಕಳು ಊರಲ್ಲೇ ಇರ್ತಾರೆ.

ಡೇರಿ ಸೆಕ್ರೆಟರಿ, ಮಧುಗಿರಿ ತಾಲ್ಲೂಕು:

ಇರ್ತಾರೆ ಏನು ಮೇಡಂ, ಎರಡೂ ಮನೆಯವರು ನಮ್ಮ ಡೇರಿಗೇ ಹಾಲು ಹಾಕೋದು. ಒಂದೇ ಸಾಲಿನಲ್ಲಿ ಕ್ಯಾನು ಹಿಡಿದು ನಿಲ್ತಾರೆ. ಹೆಸರು ಹಾಕಲ್ಲ. ಪದದಲ್ಲೂ ಹೆಸರು ಬರೋ ಸೊಲ್ಲು ಬಿಟ್ಟು ಮಿಕ್ಕಿದ್ದು ಟೈಪ್ ಮಾಡಿ ಹಾಕ್ತೀನಿ, ಪಾವಗಡದ ತಮ್ಮ ತೆಲುಗಿನದು ಹಾಕಿದರೆ ಪಕ್ಕಪಕ್ಕ ಇಟ್ಟು ನೋಡೋಣ.

ಶಿರಸ್ತೇದಾರ್ ಸಾರ್, ಖಾತೆ ಬದಲಾವಣೆ ನೋಡೋಕೆ ಹಳೇ ಸರ್ವೆ ನಂಬರು ಬೇಕು ಅಂತಾರೆ. ಈಗಿನ ಪಹಣಿಯಲ್ಲಿ ಆ ಗದ್ದೆ ನಾಲ್ಕು ಹಿಸ್ಸೆ, ಅಂದರೆ ಭಾಗ, ಆಗಿದೆ. ಹಳೇದು ಹಿಡಿಯೋಕೆ ಸರ್ವೆ ಆಫೀಸಿನಲ್ಲಿ ಯಾವ ನಕಲಿಗೆ ಅರ್ಜಿ ಹಾಕಲಿ, ಅಳತೆಯ ಟಿಪ್ಪಣಿಗಾ, ವಿಸ್ತೀರ್ಣ ಮತ್ತು ಕಂದಾಯ ಬರೆದಿರೋ ಆಕಾರ್‌ಬಂದ್‌ಗಾ?