ಕಾರು ಕೈ ಬದಲಾದಾಗ ರೋಡ್ ಟ್ಯಾಕ್ಸ್: ಗ್ಯಾರೇಜ್ ಅಣ್ಣನಿಗೆ ನಿಮ್ಮ ಪ್ರಶ್ನೆ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ಹಳೇ ಕಾರು ಕೊಳ್ಳುವ, ಮಾರುವ ನಮ್ಮವರಿಗೆ ಟ್ಯಾಕ್ಸ್ ವಿಷಯದಲ್ಲಿ ಗೊಂದಲ ಜಾಸ್ತಿ. ಸೆಕೆಂಡ್ ಹ್ಯಾಂಡ್ ಕಾರಿನ ವ್ಯಾಪಾರ ಮಾಡುವ ಗ್ಯಾರೇಜ್ ಅಣ್ಣ ಈ ವಾರ ಉತ್ತರ ಕೊಡುತ್ತಾರೆ. ಇವತ್ತು 2025ರ ಅಕ್ಟೋಬರ್ 20, ಸೋಮವಾರ. ಒಬ್ಬರಿಗೆ ಒಂದೇ ಪ್ರಶ್ನೆ, ದಯವಿಟ್ಟು.

ಮಂಡ್ಯ ಟು ಮ್ಯಾಂಚೆಸ್ಟರ್: ಅಣ್ಣಾ, ಒಂದು ಫಿಯೆಸ್ಟಾ ನೋಡಿದ್ದೇನೆ. ಮಾರುವವನು ‘ಮಾರ್ಚ್‌ವರೆಗೆ ಟ್ಯಾಕ್ಸ್ ಇದೆ, ಸುಮ್ನೆ ಓಡಿಸಿಕೊಂಡು ಹೋಗು’ ಅಂತಾನೆ. ಹೌದಾ?

ಗ್ಯಾರೇಜ್ ಅಣ್ಣ: ಇಲ್ಲ. 2014ರ ಅಕ್ಟೋಬರ್ 1ರಿಂದ ಟ್ಯಾಕ್ಸ್ ಗಾಡಿಯ ಜೊತೆ ಹೋಗುವುದಿಲ್ಲ. ಅವನು ಗಾಡಿ ನೋಂದಣಿ ನೋಡಿಕೊಳ್ಳುವ ಸರ್ಕಾರಿ ಕಚೇರಿ ಡಿವಿಎಲ್‌ಎಗೆ ‘ಮಾರಿದೆ’ ಅಂತ ತಿಳಿಸಿದರೆ ಅವನ ಟ್ಯಾಕ್ಸ್ ರದ್ದಾಗುತ್ತದೆ. ಉಳಿದ ಪೂರ್ತಿ ತಿಂಗಳುಗಳ ದುಡ್ಡು ಅವನಿಗೇ ಚೆಕ್ಕಿನಲ್ಲಿ ವಾಪಸ್ ಬರುತ್ತದೆ. ನಮ್ಮೂರಿನ ಆರ್‌ಸಿ ಥರದ ಲಾಗ್ ಬುಕ್ಕಿನಿಂದ ಹಸಿರು ಚೀಟಿ ಹರಿದು ನಿಮಗೆ ಕೊಡಬೇಕು. ಅದರಲ್ಲಿ 12 ಅಂಕಿಯ ನಂಬರ್ ಇರುತ್ತದೆ. ಅಲ್ಲೇ ನಿಂತು, ಫೋನಿನಲ್ಲಿ ಆ ನಂಬರ್ ಹಾಕಿ ಟ್ಯಾಕ್ಸ್ ಕಟ್ಟಿ. ಆಮೇಲೆ ಕೀಲಿ ತಿರುಗಿಸಿ. ಚೀಟಿ ಇಲ್ಲ, ಲಾಗ್ ಬುಕ್ ಆಮೇಲೆ ಕಳಿಸುತ್ತೇನೆ ಅಂದರೆ ವಾಪಸ್ ಬನ್ನಿ.

ಬೆಣ್ಣೆ ದೋಸೆ: ನಾನು 31ರ ಶುಕ್ರವಾರ ಸಂಜೆ ಕಾರು ತರುವುದು ಅಂತ ಮಾತಾಗಿದೆ. 1ನೇ ತಾರೀಕು ಶನಿವಾರ ತಂದರೆ ಏನಾದರೂ ಉಳಿಯುತ್ತಾ?

ಗ್ಯಾರೇಜ್ ಅಣ್ಣ: ಉಳಿಯುತ್ತೆ. ಯಾವ ದಿನ ಕಟ್ಟಿದರೂ ಲೆಕ್ಕ ಆ ತಿಂಗಳ 1ರಿಂದಲೇ. ಶುಕ್ರವಾರ ಕಟ್ಟಿದರೆ ಒಂದು ಸಂಜೆಗೆ ಇಡೀ ಅಕ್ಟೋಬರ್ ಕಟ್ಟಿದ ಹಾಗೆ. 2025-26ರಲ್ಲಿ ಸಾಮಾನ್ಯ ದರ ವರ್ಷಕ್ಕೆ 195 ಪೌಂಡ್, ಅಂದರೆ ತಿಂಗಳಿಗೆ 16 ಪೌಂಡ್ 25 ಪೆನ್ಸ್. ಮಾರುವವರಿಗೆ ಇದು ಉಲ್ಟಾ. ಅವರು 31ರೊಳಗೆ ತಿಳಿಸಿದರೆ ನವೆಂಬರ್ ದುಡ್ಡು ವಾಪಸ್, 1ಕ್ಕೆ ತಿಳಿಸಿದರೆ ನವೆಂಬರ್ ಹೋಯಿತು. ಒಂದು ಮಾತು: 16 ಪೌಂಡಿಗೋಸ್ಕರ ಒಳ್ಳೆ ಗಾಡಿ ಕಳೆದುಕೊಳ್ಳಬೇಡಿ.

ಹುಬ್ಬಳ್ಳಿ ಹುಡ್ಗ: ಅಂದ್ರೆ ಒಂದೇ ತಿಂಗಳಿಗೆ ಇಬ್ಬರ ಹತ್ರಾನೂ ವಸೂಲಿ! ಹಗಲು ದರೋಡೆ ಅಲ್ವಾ ಇದು? ನಮ್ಮ ಕರ್ನಾಟಕದಲ್ಲೇ ಚೆನ್ನಾಗಿದೆ. ಒಂದು ಸಲ ಲೈಫ್‌ಟೈಮ್ ಟ್ಯಾಕ್ಸ್, ಗಾಡಿ ಯಾರಿಗೆ ಮಾರಿದರೂ ಅದರ ಜೊತೆ ಹೋಗುತ್ತದೆ.

ಕೋರಮಂಗಲ ಕಿಟ್ಟಿ: 20 ಲಕ್ಷ ದಾಟಿದ ಕಾರಿಗೆ 18 ಪರ್ಸೆಂಟ್ ಕಟ್ಟಿ ನೋಡಿ, ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗುತ್ತೆ.

ಹುಬ್ಬಳ್ಳಿ ಹುಡ್ಗ: 20 ಲಕ್ಷದ ಕಾರು ತಗೊಳ್ಳೋರಿಗೆ ಅದು ದೊಡ್ಡದಾ?

ಕೋರಮಂಗಲ ಕಿಟ್ಟಿ: ಸಾಲ ಮಾಡಿ ತಗೊಂಡಿದ್ದು ಸ್ವಾಮಿ. ಎಲ್ಲರೂ ಗಣಿ ಧಣಿಗಳಲ್ಲ.

ಲೆಸ್ಟರ್ ಅಮ್ಮ: ಅಣ್ಣಾ, ನನ್ನ ಸಮಸ್ಯೆ ಸ್ವಲ್ಪ ಬೇರೆ. ನಮ್ಮ ಯಜಮಾನರಿಗೆ ಬೆಂಗಳೂರಿಗೆ ವರ್ಗ ಆಗಿ ಸೆಪ್ಟೆಂಬರ್‌ನಲ್ಲಿ ಹೋದರು. ಮಗಳ ಶಾಲೆ ಮುಗಿಯುವವರೆಗೆ ನಾನಿಲ್ಲಿ ಇರುತ್ತೇನೆ. ಕಾರು, ಇನ್ಶೂರೆನ್ಸ್ ಎರಡೂ ಅವರ ಹೆಸರಲ್ಲಿ. ಇನ್ಶೂರೆನ್ಸಿನಲ್ಲಿ ನನ್ನ ಹೆಸರೂ ಸೇರಿದೆ. ಏಪ್ರಿಲ್‌ನಲ್ಲಿ ವರ್ಷದ ಟ್ಯಾಕ್ಸ್ ಕಟ್ಟಿದ್ದಾರೆ. ಹೆಸರು ಬದಲಾಯಿಸಿದರೆ ಮತ್ತೆ ಕಟ್ಟಬೇಕು, ಹಾಗೇ ಬಿಡಿ ಅಂತ ಪರಿಚಯದವರು ಹೇಳಿದರು. ಆಗಸ್ಟ್‌ನಲ್ಲಿ ಮನೆ ಬದಲಾಯಿಸಿದೆವು. ಲಾಗ್ ಬುಕ್ಕಿನಲ್ಲಿ ಹಳೇ ವಿಳಾಸವೇ ಇದೆ.

ಗ್ಯಾರೇಜ್ ಅಣ್ಣ: ತಂಗಿ, ಇದನ್ನು ಹಾಗೇ ಬಿಡಬೇಡಿ. ಟ್ಯಾಕ್ಸ್ ಇಲ್ಲಿ ಚಿಕ್ಕ ವಿಷಯ. ಮೊದಲು ಇನ್ಶೂರೆನ್ಸ್. ಮುಖ್ಯ ಚಾಲಕ ಯಜಮಾನರು ಅಂತ ಪಾಲಿಸಿಯಲ್ಲಿ ಬರೆದಿದೆ. ಅವರು ಬೆಂಗಳೂರಿನಲ್ಲಿದ್ದಾರೆ. ದಿನಾ ಓಡಿಸುವುದು ನೀವು. ವಿಳಾಸವೂ ತಪ್ಪು. ನಾಳೆ ಒಂದು ಅಪಘಾತ ಆದರೆ ಕಂಪನಿಯವರು ಮೊದಲು ಹುಡುಕುವುದೇ ಇದನ್ನು. ಇವತ್ತೇ ಫೋನ್ ಮಾಡಿ, ನಿಜ ಹೇಳಿ, ನಿಮ್ಮ ಹೆಸರಲ್ಲಿ ಪಾಲಿಸಿ ಮಾಡಿಸಿ. ಪ್ರೀಮಿಯಂ ಹೆಚ್ಚಾಗಬಹುದು. ಆಗಲಿ.

ಎರಡನೆಯದು ವಿಳಾಸ. ಸ್ಪೀಡ್ ಕ್ಯಾಮೆರಾ ನೋಟಿಸ್ ಬಂದರೆ ಹಳೇ ಮನೆಗೆ ಹೋಗುತ್ತದೆ. ಯಾರು ಓಡಿಸುತ್ತಿದ್ದರು ಅಂತ 28 ದಿನದಲ್ಲಿ ಉತ್ತರ ಕೊಡದಿದ್ದರೆ ಅದೇ ಬೇರೆ ಅಪರಾಧ. ದಂಡದ ಜೊತೆ 6 ಪೆನಾಲ್ಟಿ ಪಾಯಿಂಟ್, ಅದೂ ಯಜಮಾನರ ಲೈಸೆನ್ಸಿಗೆ. ಹಳೇ ಮನೆಯವರನ್ನು ಕೇಳಿ, ಕಂದು ಲಕೋಟೆ ಏನಾದರೂ ಬಂದಿದೆಯಾ ಅಂತ.

ಈಗ ಟ್ಯಾಕ್ಸ್. ಗಂಡನಿಂದ ಹೆಂಡತಿಗೆ ಬಂದರೂ ಅದು ಬದಲಾವಣೆಯೇ, ಹೊಸದಾಗಿ ಕಟ್ಟಬೇಕು. ಆದರೆ ನಷ್ಟ ಎಲ್ಲಿದೆ? ಅಕ್ಟೋಬರ್ ಕೊನೆಯೊಳಗೆ ತಿಳಿಸಿದರೆ ನವೆಂಬರ್‌ನಿಂದ ಮಾರ್ಚ್, 5 ತಿಂಗಳು, 81 ಪೌಂಡ್ 25 ಪೆನ್ಸ್ ವಾಪಸ್ ಬರುತ್ತದೆ. ಮೊದಲು ಲಾಗ್ ಬುಕ್ಕಿನ ವಿಳಾಸ ಸರಿ ಮಾಡಿಸಿ, ಆನ್‌ಲೈನ್‌ನಲ್ಲಿ ಪುಕ್ಕಟೆ. ಇಲ್ಲದಿದ್ದರೆ ಆ ಚೆಕ್ಕೂ ಹಳೇ ಮನೆಗೇ ಹೋಗುತ್ತದೆ. ಹೊಸ ಲಾಗ್ ಬುಕ್ ಕೈಗೆ ಬಂದ ಮೇಲೆ ಹೆಸರು ಬದಲಾಯಿಸಿ. ಚೆಕ್ ಯಜಮಾನರ ಹೆಸರಲ್ಲಿ ಬರುತ್ತದೆ, 6 ವಾರ ಹಿಡಿಯಬಹುದು. ಅಲ್ಲಿವರೆಗೆ ಅವರ ಇಲ್ಲಿನ ಬ್ಯಾಂಕ್ ಖಾತೆ ಮುಚ್ಚಿಸಬೇಡಿ. ಊರಿಗೆ ಹೋಗುವವರು ಎಲ್ಲರೂ ಮಾಡುವ ಎಡವಟ್ಟು ಇದು.

31ಕ್ಕೆ ಹೆಸರು ಬದಲಿಸಿ 1ಕ್ಕೆ ಟ್ಯಾಕ್ಸ್ ಕಟ್ಟುತ್ತೇನೆ ಅನ್ನಬೇಡಿ. ಹೆಸರು ಬದಲಾದ ಗಳಿಗೆಯಿಂದ ಗಾಡಿಗೆ ಟ್ಯಾಕ್ಸ್ ಇರುವುದಿಲ್ಲ. ರಸ್ತೆ ಬದಿ ಸುಮ್ಮನೆ ನಿಂತಿದ್ದರೂ ತಪ್ಪೇ. 16 ಪೌಂಡ್ ಹೋಗಲಿ, ಅವತ್ತೇ ಕಟ್ಟಿ.

ಲೆಸ್ಟರ್ ಅಮ್ಮ: ತುಂಬಾ ಉಪಕಾರ ಆಯ್ತು ಅಣ್ಣಾ. ಇನ್ಶೂರೆನ್ಸಿನವರಿಗೆ ಈಗಲೇ ಫೋನ್ ಮಾಡುತ್ತೇನೆ.

ಸ್ಲೌ ಶೆಟ್ರು: ಅಣ್ಣಾ, ಹಳೇ ಓನರ್ ಕಟ್ಟಿದ ಟ್ಯಾಕ್ಸ್ ನಮಗೆ ಬರುತ್ತಾ?

ಗ್ಯಾರೇಜ್ ಅಣ್ಣ: ಮೊದಲನೇ ಉತ್ತರ ಓದಿ.

ಜೈ ಭುವನೇಶ್ವರಿ: ಬಂದದ್ದನ್ನು ಹಂಚಿಕೊಳ್ಳುತ್ತಿದ್ದೇನೆ, ಎಲ್ಲರಿಗೂ ಉಪಯೋಗ ಆಗಲಿ. ‘ಕಾರು ಕೊಂಡ ಮೇಲೆ 14 ದಿನ ಟ್ಯಾಕ್ಸ್ ಇಲ್ಲದೆ ಓಡಿಸಬಹುದು! ಹಳೇ ಟ್ಯಾಕ್ಸ್ ಮುಗಿಯುವವರೆಗೆ ಡಿವಿಎಲ್‌ಎಗೆ ಹೇಳಬೇಡಿ! ಗಾಡಿಗೆ ಸಾರ್ನ್ ಹಾಕಿ ರೀಫಂಡ್ ಪಡೆಯಿರಿ, ಭಾನುವಾರ ಮಾತ್ರ ಓಡಿಸಿ, ಯಾರಿಗೂ ಗೊತ್ತಾಗುವುದಿಲ್ಲ!’

ಗ್ಯಾರೇಜ್ ಅಣ್ಣ: ಇದನ್ನು ಯಾರು ಬರೆಯುತ್ತಾರೋ, ದಂಡ ಮಾತ್ರ ಅವರು ಕಟ್ಟುವುದಿಲ್ಲ. 14 ದಿನವೂ ಇಲ್ಲ, 14 ನಿಮಿಷವೂ ಇಲ್ಲ. ಮಾರಿದ್ದನ್ನು ತಿಳಿಸದಿದ್ದರೆ ದಂಡ 1,000 ಪೌಂಡ್‌ವರೆಗೆ. ಸಾರ್ನ್ ಅಂದರೆ ಗಾಡಿ ರಸ್ತೆಗೇ ಇಳಿಯುವುದಿಲ್ಲ ಅಂತ ಬರೆದುಕೊಟ್ಟ ಹಾಗೆ. ಮೊದಲೇ ಬುಕ್ ಮಾಡಿದ ಎಂಒಟಿಗೆ, ಅಂದರೆ ಗಾಡಿಯ ವಾರ್ಷಿಕ ತಪಾಸಣೆಗೆ, ಬಿಟ್ಟು ಬೇರೆಲ್ಲಿಗೂ ಓಡಿಸುವ ಹಾಗಿಲ್ಲ. ಸಿಕ್ಕಿಬಿದ್ದರೆ 2,500 ಪೌಂಡ್‌ವರೆಗೆ. ನಂಬರ್ ಪ್ಲೇಟ್ ಓದುವ ಕ್ಯಾಮೆರಾಗೆ ಭಾನುವಾರ ರಜೆ ಇಲ್ಲ.

ಜೈ ಭುವನೇಶ್ವರಿ: ನಾನು ಬರೆದದ್ದಲ್ಲ ಸರ್, ಬಂದದ್ದನ್ನು ಹಾಕಿದೆ ಅಷ್ಟೇ.

ಗ್ಯಾರೇಜ್ ಅಣ್ಣ: ಹಾಗಾದರೆ ತೆಗೆಯಿರಿ.

ರೆಡಿಂಗ್ ರಾಯರು: 2021ರ ಮಾರ್ಚ್‌ನಲ್ಲಿ ನೋಂದಣಿಯಾದ ಬಿಎಂಡಬ್ಲ್ಯು ಈಗ 19 ಸಾವಿರಕ್ಕೆ ಸಿಗುತ್ತಿದೆ. 40 ಸಾವಿರ ಪೌಂಡಿನ ಮೇಲಿನ ಕಾರಿಗೆ ಜಾಸ್ತಿ ಟ್ಯಾಕ್ಸ್ ಅಂತಾರೆ. ನನಗದು ಬರಲ್ಲ ಅಲ್ವಾ?

ಗ್ಯಾರೇಜ್ ಅಣ್ಣ: ಇದು ಒಳ್ಳೆ ಪ್ರಶ್ನೆ. ನಿಜವಾದ ದುಡ್ಡು ಇರುವುದು ಇಲ್ಲಿ, ತಾರೀಕಿನ ಆಟದಲ್ಲಲ್ಲ. ನೀವು ಎಷ್ಟಕ್ಕೆ ಕೊಂಡಿರಿ ಅಂತ ಯಾರೂ ಕೇಳಲ್ಲ. ಹೊಸದಿದ್ದಾಗ ಪಟ್ಟಿಯಲ್ಲಿದ್ದ ಬೆಲೆ 40 ಸಾವಿರ ದಾಟಿದ್ದರೆ ಎರಡನೇ ವರ್ಷದಿಂದ ಐದು ವರ್ಷ ಹೆಚ್ಚುವರಿ ಬೀಳುತ್ತದೆ. 2025-26ರಲ್ಲಿ ಅದು 425. ಮೂಲ 195 ಸೇರಿ ವರ್ಷಕ್ಕೆ 620 ಪೌಂಡ್. ನಿಮ್ಮದಕ್ಕೆ 2027ರ ಮಾರ್ಚ್‌ವರೆಗೆ ಇರುತ್ತದೆ. ಅದೇ ಮಾಡೆಲ್ 2019ರ ಅಕ್ಟೋಬರ್‌ಗಿಂತ ಮೊದಲು ನೋಂದಣಿಯಾದದ್ದು ಸಿಕ್ಕರೆ ಆ ಹೊರೆ ಇಲ್ಲ. ಇಂಥ ಗಾಡಿ ತಿಂಗಳ ಕೊನೇ ದಿನ ತಂದರೆ 16 ಅಲ್ಲ, 50 ಪೌಂಡಿನ ಮೇಲೆ ಹೋಗುತ್ತದೆ. ಚೌಕಾಸಿ ಮಾಡುವಾಗ ಈ ಲೆಕ್ಕ ಮುಂದಿಡಿ.

ಟೆಸ್ಲಾ ತಿಮ್ಮ: ಅದಕ್ಕೇ ಎಲೆಕ್ಟ್ರಿಕ್ ತಗೊಳ್ಳಿ ಅನ್ನೋದು. ಟ್ಯಾಕ್ಸೇ ಇಲ್ಲ.

ಗ್ಯಾರೇಜ್ ಅಣ್ಣ: ಈ ವರ್ಷದ ಏಪ್ರಿಲ್ 1ರಿಂದ ಅದಕ್ಕೂ ಇದೆ. 2017ರ ಏಪ್ರಿಲ್ ನಂತರದ ಎಲೆಕ್ಟ್ರಿಕ್ ಕಾರಿಗೆ 195. ಈ ಏಪ್ರಿಲ್‌ಗಿಂತ ಮೊದಲು ನೋಂದಣಿಯಾಗಿದ್ದರೆ 425ರ ಹೊರೆ ಇಲ್ಲ, ಅಷ್ಟೇ ಲಾಭ.

ಹುಬ್ಬಳ್ಳಿ ಹುಡ್ಗ: ಬ್ಯಾಟರಿ ಹೋದರೆ ಆಗ ಗೊತ್ತಾಗುತ್ತೆ ತಿಮ್ಮಣ್ಣಂಗೆ.

ಟೆಸ್ಲಾ ತಿಮ್ಮ: ಡೀಸೆಲ್ ಹೊಗೆ ಕುಡಿದು ಮಾತಾಡಬೇಡಿ. ನಾಲ್ಕು ವರ್ಷ ಆಯ್ತು, ಏನೂ ಆಗಿಲ್ಲ.

ಕೋರಮಂಗಲ ಕಿಟ್ಟಿ: ಇವರಿಗೆ ಎಲ್ಲದಕ್ಕೂ ಜಗಳ ಬೇಕು.

ಹುಬ್ಬಳ್ಳಿ ಹುಡ್ಗ: ನಿಮ್ಮನ್ನ ಯಾರು ಕೇಳಿದ್ರು?

ಅಡ್ಮಿನ್: ವಿಷಯಕ್ಕೆ ಬನ್ನಿ ಎಲ್ಲರೂ.

ಕೊಡಗಿನ ಕಾಫಿ: ಮೋಟರ್ ಬೈಕಿಗೂ ಇದೇ ನಿಯಮಾನಾ?

ಕಾರ್ಡಿಫ್ ಕನ್ನಡತಿ: ನಾನು ಮಾರ್ಚ್‌ನಲ್ಲಿ ಕಾರು ಮಾರುತ್ತೇನೆ. ಈಗ 6 ತಿಂಗಳಿಗೆ ಮಾತ್ರ ಕಟ್ಟಿದರೆ ಉಳಿತಾಯ ಅಲ್ವಾ?

ಗ್ಯಾರೇಜ್ ಅಣ್ಣ: ಅಲ್ಲ. ಒಂದೇ ಸಲ 6 ತಿಂಗಳು ಕಟ್ಟಿದರೆ ಹತ್ತು ಪರ್ಸೆಂಟ್ ಜಾಸ್ತಿ, 107 ಪೌಂಡ್ 25 ಪೆನ್ಸ್. ಆ ಹೆಚ್ಚಿನದು ವಾಪಸ್ ಬರಲ್ಲ. ವರ್ಷಕ್ಕೇ ಕಟ್ಟಿ, ಮಾರಿದಾಗ ಉಳಿದದ್ದು ಬರುತ್ತದೆ.

ಸ್ಲೌ ಶೆಟ್ರು: ಅಣ್ಣಾ, ತಮ್ಮನ ಹೆಸರಿಂದ ನನ್ನ ಹೆಸರಿಗೆ ಮಾಡಿದರೂ ಅವನು ಕಟ್ಟಿದ ಟ್ಯಾಕ್ಸ್ ಜೊತೆಗೆ ಬರಲ್ವಾ?

ಗ್ಯಾರೇಜ್ ಅಣ್ಣ: ಬರಲ್ಲ. ತಮ್ಮ, ಅಣ್ಣ, ಅತ್ತೆ, ಯಾರಾದರೂ ಸರಿ.

ಮಂಡ್ಯ ಟು ಮ್ಯಾಂಚೆಸ್ಟರ್: ಅಣ್ಣಾ, ಫಿಯೆಸ್ಟಾ ಕೊಂಡೆ! ಚೀಟಿಯ ಫೋಟೋ ಹಾಕಿದ್ದೇನೆ. ಈ ನಂಬರ್ ಹಾಕಿದರೆ ತಗೊಳ್ಳುತ್ತಿಲ್ಲ. ಇದೇನಾ, ಮೇಲಿನದಾ?

ಗ್ಯಾರೇಜ್ ಅಣ್ಣ: ಆ ಫೋಟೋ ಈಗಲೇ ಅಳಿಸಿ. ಗಾಡಿ ನಂಬರ್, ಚೀಟಿ ನಂಬರ್ ಎರಡೂ ಅದರಲ್ಲಿ ಕಾಣುತ್ತಿದೆ.

ಮಂಡ್ಯ ಟು ಮ್ಯಾಂಚೆಸ್ಟರ್: ಎಲ್ಲ ನಮ್ಮವರೇ ಅಲ್ವಾ ಅಣ್ಣಾ.

ಗ್ಯಾರೇಜ್ ಅಣ್ಣ: ಮೊದಲು ಅಳಿಸಿ, ಆಮೇಲೆ ಮಾತು.

ಮಂಡ್ಯ ಟು ಮ್ಯಾಂಚೆಸ್ಟರ್: ಅಳಿಸಿದೆ.

ಗ್ಯಾರೇಜ್ ಅಣ್ಣ: ನೀವು ಹಾಕಿದ್ದರಲ್ಲಿ 11 ಅಂಕಿ ಇತ್ತು. ಅದು ಲಾಗ್ ಬುಕ್ಕಿನ ನಂಬರ್, ಹಳೇ ಓನರಿನದು. ಹಸಿರು ಚೀಟಿಯದು 12 ಅಂಕಿ. ಎಣಿಸಿ ಹಾಕಿ. ಟ್ಯಾಕ್ಸ್ ಆಗುವವರೆಗೆ ಗಾಡಿ ಅವರ ಅಂಗಳದಲ್ಲೇ ಇರಲಿ.