‘ಎಸೆನ್ಷಿಯಲ್ ಆಯಿಲ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಚರ್ಮದ ಕ್ಯಾನ್ಸರ್‌ಗೆ ಗಿಡಗಳ ಎಣ್ಣೆ ಮದ್ದಾದೀತೇ ಅನ್ನುವ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಎರಡು ಕಡೆ ಪದಕ್ಕೆ ತಡಕಾಡುವಂತಾಗಿದೆ.

ಮೊದಲನೆಯದು ‘ಎಸೆನ್ಷಿಯಲ್ ಆಯಿಲ್’. ಇದನ್ನು ‘ಅಗತ್ಯ ತೈಲ’ ಅಂತ ಬರೆಯುವವರಿದ್ದಾರೆ. ಓದಿದವರಿಗೆ ಮೈಗೆ ಬೇಕೇ ಬೇಕಾದ ಎಣ್ಣೆ ಅನ್ನಿಸುತ್ತದೆ, ಅಲ್ವಾ? ಇಲ್ಲಿರುವುದು ಎಸೆನ್ಸ್, ಅಂದರೆ ಗಿಡದ ಸಾರ. ‘ಸುಗಂಧ ತೈಲ’ ಅಂದರೆ ಅತ್ತರು ನೆನಪಾಗುತ್ತದೆ. ಟೀ ಟ್ರೀ ಅನ್ನುವ ಆಸ್ಟ್ರೇಲಿಯಾದ ಮರದ ಎಲೆಯಿಂದ ತೆಗೆಯುವ ಎಣ್ಣೆಯ ಘಾಟಿಗೆ ಅದು ಒಗ್ಗುವುದಿಲ್ಲ. ‘ಬಾಷ್ಪಶೀಲ ತೈಲ’ ಸರಿಯೇ, ಆದರೆ ಪಠ್ಯಪುಸ್ತಕದ ಮಾತು. ಕಾಗದದ ಮೇಲೆ ಒಂದು ತೊಟ್ಟು ನೀಲಗಿರಿ ಎಣ್ಣೆ, ಪಕ್ಕದಲ್ಲಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ನೋಡಿ. ಮೊದಲನೆಯದು ಹಾರಿಹೋಗುತ್ತದೆ, ಎರಡನೆಯದರ ಜಿಡ್ಡು ಉಳಿಯುತ್ತದೆ. ಹಾಗಾಗಿ ‘ಹಾರುವೆಣ್ಣೆ’ ಅನ್ನಬಹುದೇ? ‘ಸಾರದೆಣ್ಣೆ’ಯೂ ನನಗೆ ಇಷ್ಟ.

ಎರಡನೆಯದೇ ಜಾಸ್ತಿ ಕಾಡುತ್ತಿರುವುದು. ‘ಪೊಟೆನ್ಷಿಯಲ್ ಟ್ರೀಟ್‌ಮೆಂಟ್’ ಅನ್ನು ‘ಸಂಭಾವ್ಯ ಚಿಕಿತ್ಸೆ’ ಅಂತ ಬರೆದರೆ ಜನ ‘ಸಂಭಾವ್ಯ’ವನ್ನು ದಾಟಿ ‘ಚಿಕಿತ್ಸೆ’ಯನ್ನಷ್ಟೇ ಹಿಡಿದುಕೊಳ್ಳುತ್ತಾರೆ. ನಡೆದಿರುವುದೇನು? ನಮ್ಮ ಗಂಧದೆಣ್ಣೆಯನ್ನೇ ತಗೊಳ್ಳಿ. ಅದರ ಮುಖ್ಯ ಅಂಶ ಆಲ್ಫಾ-ಸ್ಯಾಂಟಲಾಲ್. ಅದನ್ನು ಇಲಿಗಳ ಚರ್ಮಕ್ಕೆ ಮುಂಚೆಯೇ ಹಚ್ಚಿ, ಆಮೇಲೆ ಕ್ಯಾನ್ಸರ್ ತರಿಸುವ ರಾಸಾಯನಿಕವನ್ನೋ ಬಿಸಿಲಿನಲ್ಲಿರುವ ಯುವಿಬಿ ಅನ್ನುವ ಅತಿನೇರಳೆ ಕಿರಣವನ್ನೋ ತಾಗಿಸಿದಾಗ ಗಂಟುಗಳು ಕಡಿಮೆ ಎದ್ದವು. ಇದು ತಡೆಯುವ ಮಾತು, ವಾಸಿ ಮಾಡುವ ಮಾತಲ್ಲ. ಆಸ್ಟ್ರೇಲಿಯಾದಲ್ಲಿ ಟೀ ಟ್ರೀ ಎಣ್ಣೆಯನ್ನು ಒಂದು ದ್ರಾವಕದಲ್ಲಿ ಬೆರೆಸಿ ಹಚ್ಚಿದಾಗ ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್‌ನ ಗಡ್ಡೆ ಬೆಳೆಯುವುದು ನಿಧಾನವಾಯಿತು. ಅದೂ ಇಲಿಗಳಲ್ಲೇ.

ಮಚ್ಚೆ ದೊಡ್ಡದಾಗುತ್ತಿದೆ, ಬಣ್ಣ ಬದಲಾಗುತ್ತಿದೆ ಅಂತ ಗಾಬರಿಯಾದವರು ಇದನ್ನು ಓದಿ, ಡಾಕ್ಟರ್ ಹತ್ತಿರ ಹೋಗದೆ ಮನೆಯಲ್ಲೇ ಎಣ್ಣೆ ಹಚ್ಚುತ್ತಾ ಕೂತರೆ? ಈ ಎಣ್ಣೆಗಳನ್ನು ಹಾಗೇ ಹಚ್ಚಿದರೆ ಚರ್ಮ ಉರಿದು ಅಲರ್ಜಿ ಆಗುವುದೂ ಉಂಟು. ಅದಕ್ಕೇ ‘ಮದ್ದು’, ‘ಗುಣಪಡಿಸುವ’ ಎಂಬ ಪದಗಳನ್ನು ಕೈಬಿಟ್ಟಿದ್ದೇನೆ. ‘ಪರೀಕ್ಷೆಯಲ್ಲಿರುವ ಎಣ್ಣೆಗಳು’ ಅಂತ ಸದ್ಯಕ್ಕೆ ಬರೆದಿದ್ದೇನೆ. ಆದರೆ ಅದು ಎಣ್ಣೆಯ ಶುದ್ಧತೆಯ ಪರೀಕ್ಷೆ ಅಂತಲೂ ಕೇಳಿಸುತ್ತದೆ. ಒಂದೆರಡು ಪದದಲ್ಲಿ, ಹಳ್ಳಿಯಲ್ಲಿ ಓದುವವರಿಗೂ ತಿಳಿಯುವ ಹಾಗೆ, ‘ಇನ್ನೂ ಮದ್ದಾಗಿಲ್ಲ, ನೋಡುತ್ತಿದ್ದಾರೆ’ ಅನ್ನುವುದನ್ನು ನೀವಾದರೆ ಹೇಗೆ ಹೇಳುತ್ತೀರಿ?