ಪದಚರ್ಚೆ: ವೈರಸ್ಸಿನ ‘ಮೂಲ’, ‘ಸೋರಿಕೆ’, ‘ಅಸಂಭವ’

ಎಲ್ಲರಿಗೂ ನಮಸ್ಕಾರ.

ಮಂಡ್ಯದ ನಮ್ಮ ವಿಜ್ಞಾನ ಬಳಗಕ್ಕಾಗಿ ಹೈಸ್ಕೂಲು ಮಕ್ಕಳು ಓದುವಂಥ ಸಣ್ಣ ಪುಸ್ತಿಕೆಯೊಂದನ್ನು ಬರೆಯುತ್ತಿದ್ದೇನೆ. ಕೋವಿಡ್ ತಂದ ವೈರಸ್ ಎಲ್ಲಿಂದ ಬಂತು ಎಂಬ ವಿಜ್ಞಾನಿಗಳ ವಾದವೇ ಅದರ ವಿಷಯ. ಕೆಲವು ಪದಗಳ ಹತ್ತಿರ ಬರವಣಿಗೆ ನಿಂತುಬಿಟ್ಟಿದೆ, ಬಲ್ಲವರು ಕೈಜೋಡಿಸಬೇಕು.

ಮೊದಲನೆಯದು ‘ಮೂಲ’. ‘ವೈರಸ್ಸಿನ ಮೂಲ ಬಾವಲಿ’ ಎಂದು ಓದಿದವರು ವಾದ ಅಲ್ಲಿಗೇ ಮುಗಿಯಿತು ಅಂದುಕೊಳ್ಳುತ್ತಾರೆ. ಬಾವಲಿಯ ವಿಚಾರದಲ್ಲಿ ಹೆಚ್ಚು ಜಗಳವೇ ಇಲ್ಲ. ಚೀನಾದ ವುಹಾನ್ ನಗರದಲ್ಲಿ ಮೀನು, ಜೀವಂತ ಕಾಡುಪ್ರಾಣಿ ಮಾರುತ್ತಿದ್ದ ಹುವಾನಾನ್ ಪೇಟೆಯಿಂದ ಹಬ್ಬಿತು ಅನ್ನುವವರೂ ಅದೇ ಊರಿನ ಪ್ರಯೋಗಾಲಯದತ್ತ ಬೆರಳು ತೋರಿಸುವವರೂ ಇದರ ಪೂರ್ವಜ ಬಾವಲಿಯದು ಎಂದೇ ಹೇಳುತ್ತಾರೆ. ಯುನ್ನಾನ್ ಪ್ರಾಂತ್ಯದ ಗಣಿಯೊಂದರ ಬಾವಲಿಗಳಿಂದ 2013ರಲ್ಲಿ ಸಂಗ್ರಹಿಸಿದ ಆರ್‌ಎಟಿಜಿ13 ವೈರಸ್ ಕೋವಿಡ್ ವೈರಸ್ಸನ್ನು ಶೇ 96ರಷ್ಟು ಹೋಲುತ್ತದೆ. ಕೇಳಿದರೆ ಒಡಹುಟ್ಟು ಅನ್ನಿಸುತ್ತದೆ. ಆದರೆ ಸುಮಾರು 30,000 ಅಕ್ಷರಗಳ ಜೀನೋಮಿನಲ್ಲಿ (ವೈರಸ್ಸಿನ ಇಡೀ ತಳಿ ಬರಹದಲ್ಲಿ) ಸಾವಿರಕ್ಕೂ ಹೆಚ್ಚು ಕಡೆ ವ್ಯತ್ಯಾಸವಿದೆ. ಅಂದರೆ ಕವಲೊಡೆದು ದಶಕಗಳೇ ಆಗಿವೆ, ದಾಯಾದಿ ಅನ್ನಬಹುದು ಅಷ್ಟೆ. ಜಗಳವಿರುವುದು ಮನುಷ್ಯರಿಗೆ ಅದು ಮೊದಲು ಎಲ್ಲಿ, ಹೇಗೆ ತಗುಲಿತು ಎಂಬುದರಲ್ಲಿ. ಎರಡಕ್ಕೂ ಒಂದೇ ‘ಮೂಲ’ ಬಳಸಿದರೆ ಮಕ್ಕಳಿಗೆ ಪ್ರಶ್ನೆಯೇ ಕಾಣುವುದಿಲ್ಲ. (‘ರೋಗಮೂಲ’ ಎಂದು ಬರೆದು ನೋಡಿದೆ. ಬಳಗದ ಹಿರಿಯರೊಬ್ಬರು ಮೂಲವ್ಯಾಧಿಯ ಪುಸ್ತಿಕೆಯೇ ಎಂದು ಕೇಳಿದರು.) ಮೊದಲನೆಯದಕ್ಕೆ ‘ವಂಶಮೂಲ’, ಎರಡನೆಯದಕ್ಕೆ ‘ಮೊದಲ ತಗುಲು’ ಎಂದರೆ ಹೇಗೆ? ‘ಉಗಮ’ ನನಗೆ ಒಗ್ಗಲಿಲ್ಲ. ಅದು ತಲಕಾವೇರಿಯ ಹಾಗೆ ಒಂದೇ ಜಾಗವನ್ನು ಕಣ್ಣಮುಂದೆ ತರುತ್ತದೆ. ಆರಂಭದ ರೋಗಿಗಳಲ್ಲೇ ವೈರಸ್ಸಿನ ಎರಡು ಕವಲು ಕಂಡದ್ದರಿಂದ, ಒಂದಕ್ಕಿಂತ ಹೆಚ್ಚು ಸಲ ತಗುಲಿರಬೇಕು ಎನ್ನುವ ಸಂಶೋಧಕರೂ ಇದ್ದಾರೆ.

ಈ ಗೊಂದಲ ನಮ್ಮ ಕಡೆಯೂ ಆದದ್ದೇ. 2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಿಗೆ ಸೋಂಕು ಹಬ್ಬಿದಾಗ ಮೈಸೂರಿನಲ್ಲೆಲ್ಲ ‘ಮೂಲ ಯಾವುದು’ ಎಂಬುದೇ ಮಾತು. ಚೀನಾದಿಂದ ಬಂದ ಸಾಮಗ್ರಿಯ ಮೇಲೂ ಅನುಮಾನ ಹೋಗಿತ್ತು. ಅಲ್ಲಿ ಕೇಳಿದ್ದು ಮೊದಲು ಯಾರಿಗೆ, ಹೇಗೆ ತಗುಲಿತು ಎಂದು. ವಂಶದ ಮಾತು ಅಲ್ಲಿರಲಿಲ್ಲ.

‘ಪ್ರಯೋಗಾಲಯ ಸೋರಿಕೆ’ ಇನ್ನೂ ತೊಡಕಿನದು. ಅನಿಲ ಸೋರಿಕೆ ಅಂದರೆ ಅವಘಡ. ಪ್ರಶ್ನೆಪತ್ರಿಕೆ ಸೋರಿಕೆ ಅಂದರೆ ಯಾರೋ ಬೇಕೆಂದೇ ಹೊರಗೆ ಬಿಟ್ಟದ್ದು. ಕನ್ನಡ ಓದುಗರ ಕಿವಿಯಲ್ಲಿ ಎರಡನೆಯದೇ ಗಟ್ಟಿಯಾಗಿ ಕೂತಿದೆ. ಪ್ರಯೋಗಾಲಯದ ವಾದದಲ್ಲೂ ಬೇರೆಬೇರೆ ಬಗೆಗಳಿವೆ: ಗುಹೆಯಲ್ಲಿ ಮಾದರಿ ಸಂಗ್ರಹಿಸುವಾಗ ಸಿಬ್ಬಂದಿಗೆ ತಗುಲಿತೇ, ಒಳಗೆ ಕೆಲಸ ಮಾಡುವಾಗ ತಗುಲಿತೇ, ಅಲ್ಲಿ ತಿದ್ದಿದ ವೈರಸ್ಸೇ. ಇವುಗಳಲ್ಲಿ ಯಾವುದನ್ನೂ ‘ಬಿಟ್ಟರು’ ಅನ್ನುವಂತಿಲ್ಲ. 1978ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಪ್ರಯೋಗಾಲಯದಿಂದ ಸಿಡುಬು ಹೊರಬಂತು. ಇದೇ ಜಾತಿಯ ಕೊರೊನಾ ವೈರಸ್ಸಿನ ಕಾಯಿಲೆ ಸಾರ್ಸ್ ಅಡಗಿದ ಮೇಲೂ 2003–04ರಲ್ಲಿ ಸಿಂಗಪುರ, ತೈವಾನ್, ಬೀಜಿಂಗ್‌ಗಳಲ್ಲಿ ಪ್ರಯೋಗಾಲಯದವರಿಗೆ ಅದು ತಗುಲಿತು. ‘ಪ್ರಯೋಗಾಲಯದಲ್ಲಿ ತಗುಲಿ ಹೊರಬಂದದ್ದು’ ಎಂದು ಬಿಡಿಸಿ ಬರೆಯುವುದೇ ಮೇಲೆಂದು ನನಗೆ ತೋರುತ್ತದೆ. ಚಿಕ್ಕದು ಬೇಕೆಂದವರು ಸೂಚಿಸಿ.

ಪ್ರಾಣಿಯಿಂದ ಮನುಷ್ಯನಿಗೆ ಬರುವುದನ್ನು (ಇಂಗ್ಲಿಷಿನ spillover) ಒಂದೆರಡು ಅನುವಾದಗಳಲ್ಲಿ ‘ಉಕ್ಕಿ ಹರಿವಿಕೆ’ ಎಂದು ಕಂಡೆ. ಕನ್ನಂಬಾಡಿ ಕಟ್ಟೆ ತುಂಬಿದ ಸುದ್ದಿಯಂತಿದೆ. ‘ದಾಟು’ ಸಾಲದೇ? ಸಾರ್ಸ್ ಪುನುಗು ಬೆಕ್ಕಿನಿಂದ ದಾಟಿತು, ಇನ್ನೊಂದು ಕೊರೊನಾ ಕಾಯಿಲೆ ಮರ್ಸ್ ಒಂಟೆಯಿಂದ ದಾಟಿತು.

ಕೊನೆಯದು ಎಷ್ಟರಮಟ್ಟಿಗೆ ಸಾಧ್ಯ ಎಂದು ಹೇಳುವ ಮಾತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಚೀನಾದ ಜಂಟಿ ತಂಡ ವೈರಸ್ ಮನುಷ್ಯರಿಗೆ ಬಂದಿರಬಹುದಾದ ನಾಲ್ಕು ದಾರಿಗಳನ್ನು ಗುರುತಿಸಿ ಒಂದೊಂದಕ್ಕೂ ಬೇರೆ ದರ್ಜೆ ಕೊಟ್ಟಿತು. ನಡುವೆ ಇನ್ನೊಂದು ಪ್ರಾಣಿಯ ಮೂಲಕ ಬಂದದ್ದಕ್ಕೆ ಎಲ್ಲಕ್ಕಿಂತ ಮೇಲಿನದು, ಪ್ರಯೋಗಾಲಯಕ್ಕೆ ಎಲ್ಲಕ್ಕಿಂತ ಕೆಳಗಿನದು. ಆ ಕೊನೆಯದನ್ನು ‘ಅಸಂಭವ’ ಎಂದರೆ ಜನ ‘ಆಗಿಯೇ ಇಲ್ಲ’ ಎಂದು ಓದುತ್ತಾರೆ. 2025ರ ಜೂನ್‌ನಲ್ಲಿ ಅದೇ ಸಂಸ್ಥೆಯ ತಜ್ಞರ ಗುಂಪು, ಸಿಕ್ಕ ಪುರಾವೆಯ ತೂಕ ಪ್ರಾಣಿಯಿಂದ ದಾಟಿದ್ದರ ಕಡೆಗಿದೆ, ಆದರೆ ಕೇಳಿದ ಮಾಹಿತಿಯನ್ನು ಚೀನಾ ಕೊಡದಿರುವುದರಿಂದ ಪ್ರಯೋಗಾಲಯದ ದಾರಿಯನ್ನು ತಳ್ಳಿಹಾಕಲಾಗದು ಎಂದಿತು. ಸಂಸ್ಕೃತ ಪದಗಳಿಗೆ ತಡಕಾಡುವ ಬದಲು ಮಂಡ್ಯದ ಮಾತೇ ಸಾಕಲ್ಲವೇ: ‘ಇರಬೇಕು’, ‘ಇರಬಹುದು’, ‘ಇದ್ದರೂ ಇರಬಹುದು’, ‘ಇರಲಾರದು’. ಇಷ್ಟು ಮೆಟ್ಟಿಲು ನಮ್ಮ ಕ್ರಿಯಾಪದದಲ್ಲೇ ಇವೆ. ‘ಇರಲಾರದು’ ಮತ್ತು ‘ಇರಲಿಕ್ಕಿಲ್ಲ’ ಇವೆರಡರಲ್ಲಿ ಯಾವುದು ಹೆಚ್ಚು ಖಚಿತ ಎಂಬುದರಲ್ಲಿ ನಮ್ಮಲ್ಲೇ ಒಮ್ಮತವಿಲ್ಲ. ನಿಮ್ಮ ಕಡೆ ಹೇಗೆ?

ಸೊರಬ, ಸಾಗರದವರಿಗೆ ಒಂದು ಬೇಡಿಕೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಕಂಡ ಕಾಯಿಲೆಗೆ ಮಂಗನ ಹೆಸರೇ ನಿಂತಿತು. ಹರಡುವುದು ರಕ್ತ ಹೀರುವ ಉಣ್ಣೆ ಹುಳ, ಪಾಪದ ಮಂಗವೂ ಅದರಿಂದಲೇ ಸಾಯುತ್ತದೆ. ಕಾಡಿಗೆ ಹೋಗಿಬಂದವರಿಗೆ ಈ ಕಾಯಿಲೆ ‘ಹತ್ತಿತು’ ಅನ್ನುತ್ತೀರೋ, ‘ತಗುಲಿತು’ ಅನ್ನುತ್ತೀರೋ, ಬೇರೆ ಮಾತಿದೆಯೋ ಬರೆಯಿರಿ. ಪುಸ್ತಿಕೆಯಲ್ಲಿ ಅದಕ್ಕೊಂದು ಪುಟವಿದೆ.